ಕೈಗಡಿಯಾರ ಎಚ್ಚರಿಸಿದಾಗ: ತಾಳ ತಪ್ಪಿದ ಹೃದಯ ಮತ್ತು ನಮ್ಮ ಕರ್ತವ್ಯ

ಇತ್ತೀಚಿನ ಕೆಲವು ವರ್ಷಗಳಲ್ಲಿ ನಮ್ಮ ಚಿಕಿತ್ಸಾಲಯಕ್ಕೆ ಬರುವ ಹಿರಿಯರ ಮಣಿಕಟ್ಟಿನಲ್ಲಿ ಹೊಸದೊಂದು ವಸ್ತು ಕಾಣಿಸುತ್ತಿದೆ. ಬೆಂಗಳೂರಿನಲ್ಲೋ, ಪುಣೆಯಲ್ಲೋ, ಅಮೆರಿಕದಲ್ಲೋ ನೌಕರಿಯಲ್ಲಿರುವ ಮಕ್ಕಳು ತಂದೆತಾಯಿಗಳ ಮೇಲಿನ ಕಾಳಜಿಯಿಂದ ಕೊಡಿಸಿದ ಸ್ಮಾರ್ಟ್ ವಾಚ್ ಅದು. ಅದು ಹೆಜ್ಜೆಗಳನ್ನು ಎಣಿಸುತ್ತದೆ, ನಿದ್ರೆಯ ಅವಧಿಯನ್ನು ತಿಳಿಸುತ್ತದೆ. ಕೆಲವು ವಾಚ್‌ಗಳು ಹೃದಯದ ಬಡಿತ ಅನಿಯಮಿತವಾಗಿದೆ ಎಂಬ ಎಚ್ಚರಿಕೆಯನ್ನೂ ಕೊಡುತ್ತವೆ.

ಈ ಎಚ್ಚರಿಕೆ ಬಂದಾಗ ಜನರು ಮೂರು ಬಗೆಯಾಗಿ ನಡೆದುಕೊಳ್ಳುವುದನ್ನು ನಾವು ಕಂಡಿದ್ದೇವೆ. ಕೆಲವರು ಹೃದಯಾಘಾತವೇ ಆಯಿತೆಂದು ಭಾವಿಸಿ ಊಟ ನಿದ್ರೆ ಬಿಡುತ್ತಾರೆ. ಕೆಲವರು ಯಂತ್ರದ ಮಾತಿಗೇನು ಬೆಲೆಯೆಂದು ವಾಚನ್ನು ಬಿಚ್ಚಿ ಕಪಾಟಿನಲ್ಲಿಡುತ್ತಾರೆ. ಇನ್ನು ಕೆಲವರು ನೇರವಾಗಿ ನಮ್ಮಲ್ಲಿಗೆ ಬಂದು, ಇದಕ್ಕೊಂದು ಕಷಾಯ ಬರೆದುಕೊಡಿ ಎನ್ನುತ್ತಾರೆ. ಈ ಮೂರರಲ್ಲಿ ಯಾವುದೂ ಯೋಗ್ಯವಾದ ಮಾರ್ಗವಲ್ಲ. ದೇಹದಲ್ಲಿ ಬೇರೆ ಅಪಾಯದ ಲಕ್ಷಣಗಳಿಲ್ಲದಿದ್ದರೆ ಆ ಎಚ್ಚರಿಕೆಯ ಅರ್ಥ ಇಷ್ಟೇ: ಕೆಲವೇ ದಿನಗಳೊಳಗೆ ವೈದ್ಯರನ್ನು ಕಂಡು ಇಸಿಜಿ ಮಾಡಿಸಿಕೊಳ್ಳಬೇಕು. ಹಾಗೇಕೆ ಎಂಬುದನ್ನು ಭಕ್ತಬಾಂಧವರಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ಹೃದಯದ ತಾಳ

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡಕ್ಕೆ ಹೃತ್ಕರ್ಣಗಳೆಂದೂ ಕೆಳಗಿನ ಎರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಸಣ್ಣದೊಂದು ಅಂಗಾಂಶದಿಂದ ವಿದ್ಯುತ್ ಸಂಕೇತವು ಹೊರಟು, ಮೊದಲು ಹೃತ್ಕರ್ಣಗಳನ್ನೂ ಕ್ಷಣಕಾಲದ ನಂತರ ಹೃತ್ಕುಕ್ಷಿಗಳನ್ನೂ ಸಂಕುಚಿಸುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಇದು ನಿಮಿಷಕ್ಕೆ 60ರಿಂದ 100 ಬಾರಿ ನಡೆಯುತ್ತದೆ.

ತಾಳದಲ್ಲಿ ಕಾಣುವ ಪ್ರತಿಯೊಂದು ವ್ಯತ್ಯಾಸವೂ ರೋಗವಲ್ಲ. ಎಳೆಯ ವಯಸ್ಸಿನವರಲ್ಲಿ ಉಸಿರನ್ನು ಒಳಗೆಳೆದಾಗ ನಾಡಿ ತುಸು ಚುರುಕಾಗಿ, ಹೊರಬಿಟ್ಟಾಗ ತುಸು ನಿಧಾನವಾಗುವುದು ಸಹಜ. ನಿದ್ರೆಗೆಟ್ಟಾಗ, ಚಿಂತೆಯಲ್ಲಿದ್ದಾಗ ಅಥವಾ ಚಹಾ ಕಾಫಿ ಅತಿಯಾದಾಗ ಕೆಲವರಿಗೆ ಒಂದು ಬಡಿತ ಮುಂಚಿತವಾಗಿ ಬಂದು, ನಂತರ ಕ್ಷಣಕಾಲ ನಿಂತಂತಾಗಿ, ಎದೆ ಧಸಕ್ಕೆಂದಂತೆ ಅನ್ನಿಸುತ್ತದೆ. ಆರೋಗ್ಯವಂತ ಹೃದಯದಲ್ಲಿ ಇದು ಬಹುಮಟ್ಟಿಗೆ ನಿರಪಾಯಕಾರಿ.

ವಾಚ್ ಮುಖ್ಯವಾಗಿ ಹುಡುಕುವುದು ಬೇರೆಯದನ್ನು. ಅದು ಹೃತ್ಕರ್ಣದ ಕಂಪನ. ಆಧುನಿಕ ವೈದ್ಯರು ಅದನ್ನು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಇದರಲ್ಲಿ ಹೃತ್ಕರ್ಣಗಳು ಸರಿಯಾಗಿ ಸಂಕುಚಿಸದೆ ನಿಮಿಷಕ್ಕೆ 350ಕ್ಕೂ ಮಿಕ್ಕಿದ ಸಂಕೇತಗಳಿಂದ ಬರಿದೆ ನಡುಗುತ್ತಿರುತ್ತವೆ. ಅವುಗಳಲ್ಲಿ ಕೆಲವು ಮಾತ್ರ, ಅದೂ ಯಾವ ಕ್ರಮವೂ ಇಲ್ಲದೆ, ಕೆಳಗಿನ ಕೋಣೆಗಳಿಗೆ ಇಳಿಯುತ್ತವೆ. ಆದ್ದರಿಂದ ನಾಡಿಯಲ್ಲಿ ಯಾವ ಎರಡು ಬಡಿತಗಳ ಅಂತರವೂ ಸಮನಾಗಿರುವುದಿಲ್ಲ.

ಇದರ ಅಪಾಯವಿರುವುದು ಎದೆಯಲ್ಲಿ ಮಾತ್ರವಲ್ಲ, ಮೆದುಳಿನಲ್ಲಿಯೂ ಹೌದು. ಹೃತ್ಕರ್ಣ ನಡುಗುತ್ತಿರುವಾಗ ಅದರ ಎಡಭಾಗದ ಚೀಲದಂತಹ ಮೂಲೆಯಲ್ಲಿ ರಕ್ತ ಸರಿಯಾಗಿ ಹರಿಯದೆ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಪಾರ್ಶ್ವವಾಯು, ಎಂದರೆ ಲಕ್ವಾ ಬಡಿಯುತ್ತದೆ. ಈ ರೋಗವುಳ್ಳವರಲ್ಲಿ ಪಾರ್ಶ್ವವಾಯುವಿನ ಸಂಭವವು ಇತರರಿಗಿಂತ ಸುಮಾರು ಐದು ಪಟ್ಟು ಹೆಚ್ಚು. ಎದೆಬಡಿತ, ಏದುಸಿರು, ಆಯಾಸ, ತಲೆಸುತ್ತು ಇದರ ಲಕ್ಷಣಗಳಾದರೂ ಅನೇಕರಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಲಕ್ವಾ ಬಡಿದ ದಿನವೇ ರೋಗವಿತ್ತೆಂದು ತಿಳಿದುಬರುವ ಸಂದರ್ಭಗಳೂ ಉಂಟು. ಆದುದರಿಂದಲೇ ಮುಂಚಿತವಾಗಿ ಬಂದ ಸೂಚನೆಯನ್ನು ಅಲಕ್ಷಿಸಬಾರದು.

ವಾಚ್ ನೋಡುವುದು ಏನನ್ನು?

ವಾಚ್ ಹೃದಯವನ್ನು ನೇರವಾಗಿ ನೋಡುವುದಿಲ್ಲ. ಅದರ ಹಿಂಬದಿಯಿಂದ ಹಸಿರು ಬೆಳಕು ಚರ್ಮದ ಮೇಲೆ ಬೀಳುತ್ತದೆ. ರಕ್ತವು ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೆ ಮಣಿಕಟ್ಟಿನಲ್ಲಿ ರಕ್ತ ಹೆಚ್ಚಿದಾಗ ಹಿಂದಿರುಗುವ ಬೆಳಕು ಕಡಿಮೆಯಾಗುತ್ತದೆ. ಈ ಏರಿಳಿತದಿಂದ ಬಡಿತಗಳ ನಡುವಿನ ಅಂತರವನ್ನು ಯಂತ್ರವು ಲೆಕ್ಕ ಹಾಕುತ್ತದೆ. ಕೈ ಅಲುಗಾಡಿದರೆ, ಪಟ್ಟಿ ಸಡಿಲವಾಗಿದ್ದರೆ, ಕೈ ತಣ್ಣಗಾಗಿದ್ದರೆ, ಮಣಿಕಟ್ಟಿನಲ್ಲಿ ಹಚ್ಚೆಯಿದ್ದರೆ ಲೆಕ್ಕ ತಪ್ಪಬಹುದು. ತಾಯಂದಿರು ಬಳೆಗಳ ನಡುವೆ ವಾಚ್ ಕಟ್ಟದೆ, ಮಣಿಕಟ್ಟಿನ ಮೂಳೆಯ ಮೇಲ್ಭಾಗದಲ್ಲಿ ಚರ್ಮಕ್ಕೆ ತಾಗುವಂತೆ ಕಟ್ಟಿಕೊಳ್ಳುವುದು ಒಳಿತು.

ಕೆಲವು ವಾಚ್‌ಗಳಲ್ಲಿ ಇದರೊಂದಿಗೆ ಇಸಿಜಿ ಸೌಲಭ್ಯವೂ ಇದೆ. ಮತ್ತೊಂದು ಕೈಯ ಬೆರಳನ್ನು ವಾಚಿನ ಗುಂಡಿಯ ಮೇಲೆ 30 ಸೆಕೆಂಡು ಇಟ್ಟರೆ ಅದು ಹೃದಯದ ವಿದ್ಯುತ್ ರೇಖೆಯನ್ನು ದಾಖಲಿಸುತ್ತದೆ. ಆಸ್ಪತ್ರೆಯಲ್ಲಿ ಹನ್ನೆರಡು ದಿಕ್ಕುಗಳಿಂದ ನೋಡುವ ಹೃದಯವನ್ನು ಇದು ಒಂದೇ ದಿಕ್ಕಿನಿಂದ ನೋಡುತ್ತದೆ. ತಾಳದ ವಿಷಯದಲ್ಲಿ ಅದರಿಂದ ಉಪಯೋಗವುಂಟು. ಹೃದಯಾಘಾತವನ್ನು ಮಾತ್ರ ಅದು ಗುರುತಿಸಲಾರದು. ವಾಚಿನಲ್ಲಿ ಎಲ್ಲವೂ ಸರಿಯೆಂದು ತೋರಿಸಿದರೂ ಎದೆನೋವು ಬಂದವರು ಆಸ್ಪತ್ರೆಗೆ ಹೋಗಲೇಬೇಕು.

ಎಚ್ಚರಿಕೆ ಎಷ್ಟರಮಟ್ಟಿಗೆ ನಿಜ?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಆಪಲ್ ವಾಚ್ ಧರಿಸಿದ 4,19,297 ಜನರನ್ನು ಅಧ್ಯಯನ ಮಾಡಿ 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅದರಲ್ಲಿ ಒಂದು ಬಾರಿಯ ವ್ಯತ್ಯಾಸಕ್ಕೆ ಎಚ್ಚರಿಕೆ ಬರುತ್ತಿರಲಿಲ್ಲ. 48 ಗಂಟೆಗಳೊಳಗಿನ ಆರು ಪರಿಶೀಲನೆಗಳಲ್ಲಿ ಐದು ಅನಿಯಮಿತವಾಗಿದ್ದರೆ ಮಾತ್ರ ಬರುತ್ತಿತ್ತು. ಆ ಅಧ್ಯಯನದಲ್ಲಿ ಎಚ್ಚರಿಕೆ ಪಡೆದವರು 2,161 ಜನ, ಎಂದರೆ ನೂರಕ್ಕೆ ಅರ್ಧದಷ್ಟು. ನಲವತ್ತರ ಒಳಗಿನವರಲ್ಲಿ ಇದು ಶೇಕಡಾ 0.16 ಇದ್ದರೆ, 65 ದಾಟಿದವರಲ್ಲಿ ಶೇಕಡಾ 3.1 ಇತ್ತು. ವಯಸ್ಸು ಹೆಚ್ಚಿದಂತೆ ಎಚ್ಚರಿಕೆಗೆ ತೂಕವೂ ಹೆಚ್ಚುತ್ತದೆಂಬುದನ್ನು ಇದರಿಂದ ತಿಳಿಯಬಹುದು.

ಎಚ್ಚರಿಕೆ ಬಂದವರಲ್ಲಿ 450 ಜನರು ನಂತರ ಎದೆಗೆ ಇಸಿಜಿ ಪಟ್ಟಿಯನ್ನು ಅಂಟಿಸಿಕೊಂಡು ಪರೀಕ್ಷೆಗೆ ಒಳಗಾದರು. ಅವರಲ್ಲಿ ಹೃತ್ಕರ್ಣದ ಕಂಪನ ಕಂಡುಬಂದದ್ದು ಶೇಕಡಾ 34 ಜನರಲ್ಲಿ. ಉಳಿದವರ ಎಚ್ಚರಿಕೆ ಸುಳ್ಳೆಂದು ಇದರಿಂದ ತೀರ್ಮಾನಿಸಲಾಗದು. ಈ ರೋಗವು ಆರಂಭದಲ್ಲಿ ಬಂದು ಹೋಗುವ ಸ್ವಭಾವದ್ದು. ಪಟ್ಟಿ ಅಂಟಿಸುವ ಹೊತ್ತಿಗೆ ತಾಳ ಸರಿಹೋಗಿರಲೂಬಹುದು. ಪಟ್ಟಿ ಎದೆಯ ಮೇಲಿರುವಾಗಲೇ ಮತ್ತೆ ಎಚ್ಚರಿಕೆ ಬಂದ ಸಂದರ್ಭಗಳಲ್ಲಿ ಶೇಕಡಾ 84ರಷ್ಟು ನಿಜವಾಗಿದ್ದವು. ಆದ್ದರಿಂದ ಒಂದು ಇಸಿಜಿ ಸರಿಯಾಗಿ ಬಂದ ಮಾತ್ರಕ್ಕೆ ವಿಷಯ ಮುಗಿಯಿತೆಂದು ತಿಳಿಯದೆ, ಹೋಲ್ಟರ್ ಎಂಬ 24 ಗಂಟೆಯ ಅಥವಾ ಅದಕ್ಕೂ ದೀರ್ಘವಾದ ದಾಖಲಾತಿ ಬೇಕೇ ಎಂದು ವೈದ್ಯರನ್ನು ಕೇಳಬೇಕು.

ನಾಡಿ ಪರೀಕ್ಷೆ ಮತ್ತು ಅದರ ಮಿತಿ

ಆಯುರ್ವೇದವು ಹೃದಯವನ್ನು ಶಿರಸ್ಸು ಮತ್ತು ಬಸ್ತಿಗಳೊಡನೆ ಮೂರು ಪ್ರಧಾನ ಮರ್ಮಗಳಲ್ಲಿ ಒಂದಾಗಿ ಎಣಿಸಿದೆ. ಹೃದಯದಲ್ಲಿ ನೆಲೆಸಿ ದೇಹವನ್ನೆಲ್ಲ ಸಂಚರಿಸುವುದು ವ್ಯಾನವಾಯುವೆಂದು ವಾಗ್ಭಟನು ಹೇಳಿದ್ದಾನೆ. ನಾಡಿ ಪರೀಕ್ಷೆಯನ್ನು ವಿವರಿಸುವ ಶಾರ್ಙ್ಗಧರ ಸಂಹಿತೆಯು ವಾತದ ನಾಡಿಯನ್ನು ಹಾವು ಜಿಗಣೆಗಳ ನಡೆಗೂ, ಕಫದ ನಾಡಿಯನ್ನು ಹಂಸ ಪಾರಿವಾಳಗಳ ನಡೆಗೂ ಹೋಲಿಸುತ್ತದೆ. ನಿಂತು ನಿಂತು ನಡೆಯುವ ನಾಡಿಯನ್ನು ಅದು ಪ್ರಾಣಾಪಾಯದ ಸೂಚನೆಯೆಂದು ಎಣಿಸಿದೆ. ತಾಳ ತಪ್ಪಿದ ನಾಡಿಯನ್ನು ನಮ್ಮ ಹಿರಿಯರು ಅಷ್ಟು ಗಂಭೀರವಾಗಿ ಪರಿಗಣಿಸಿದ್ದರು.

ಆದರೆ ಬೆರಳಿಗೂ ಒಂದು ಮಿತಿಯಿದೆ. ನಾಡಿ ತಾಳ ತಪ್ಪಿದೆಯೆಂದು ಬೆರಳು ಹೇಳಬಲ್ಲದು. ಅದು ನಿರಪಾಯದ ಹೆಚ್ಚುವರಿ ಬಡಿತವೋ, ಹೃತ್ಕರ್ಣದ ಕಂಪನವೋ ಎಂಬುದನ್ನು ಖಚಿತವಾಗಿ ಹೇಳಲಾರದು. ದುರ್ಬಲವಾದ ಬಡಿತಗಳು ಮಣಿಕಟ್ಟಿನವರೆಗೆ ತಲುಪದೆಯೂ ಇರಬಹುದು. ಆದ್ದರಿಂದ ಅನಿಯಮಿತ ನಾಡಿಯೊಡನೆ ಬಂದವರನ್ನು ನಾವು ಮೊದಲು ಇಸಿಜಿಗೆ ಕಳಿಸಿ, ಅದರ ವರದಿ ಕೈಗೆ ಬಂದ ಬಳಿಕವೇ ಚಿಕಿತ್ಸೆಯ ಮಾತನಾಡುತ್ತೇವೆ. ಯಾವ ಪದ್ಧತಿಯ ವೈದ್ಯರಾದರೂ ಹೀಗೆಯೇ ಮಾಡಬೇಕೆಂಬುದು ನಮ್ಮ ನಿಲುವು.

ಎಚ್ಚರಿಕೆ ಬಂದಾಗ ಅನುಸರಿಸಬೇಕಾದ ಕ್ರಮ

1. ಮೊದಲು ವಾಚನ್ನಲ್ಲ, ದೇಹವನ್ನು ಗಮನಿಸಿರಿ. ಎದೆಯಲ್ಲಿ ನೋವು ಅಥವಾ ಒತ್ತಡ, ಉಸಿರಾಟದ ತೊಂದರೆ, ಮೂರ್ಛೆ ಇವುಗಳಲ್ಲಿ ಯಾವುದಿದ್ದರೂ ತಕ್ಷಣ 108ಕ್ಕೆ ಕರೆ ಮಾಡಬೇಕು. ರೋಗಿಯು ತಾನೇ ವಾಹನ ನಡೆಸಿಕೊಂಡು ಹೋಗಬಾರದು.

2. ಬಾಯಿ ಒಂದು ಬದಿಗೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲಿನ ಶಕ್ತಿ ಕುಗ್ಗುವುದು, ಮಾತು ತೊದಲುವುದು ಲಕ್ವಾದ ಲಕ್ಷಣಗಳು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಅದಕ್ಕೆ ಮುನ್ನ ಮೆದುಳಿನ ಸಿಟಿ ಸ್ಕ್ಯಾನ್ ಆಗಬೇಕು. ರೋಗಿಯು ಕೊನೆಯ ಬಾರಿ ಸರಿಯಾಗಿದ್ದ ವೇಳೆಯನ್ನು ಗುರುತಿಟ್ಟುಕೊಂಡು, ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೇ ಕರೆದೊಯ್ಯಿರಿ. ಲಕ್ವಾ ಬಡಿದವರನ್ನು ಮೊದಲು ನಾಟಿ ಔಷಧಿಗೆ, ಎಣ್ಣೆ ತಿಕ್ಕಿಸುವುದಕ್ಕೆ ಒಯ್ಯುವ ರೂಢಿ ನಮ್ಮ ಭಾಗದಲ್ಲಿ ಇನ್ನೂ ಇದೆ. ಅಭ್ಯಂಗ, ಬಸ್ತಿ ಮೊದಲಾದ ಚಿಕಿತ್ಸೆಗಳಿಗೆ ಕಾಲ ಬರುವುದು ಆಮೇಲೆ. ಆ ಮೊದಲ ಗಂಟೆಗಳು ಒಮ್ಮೆ ಕಳೆದರೆ ಮತ್ತೆ ಸಿಗುವುದಿಲ್ಲ.

3. ಇಂತಹ ಲಕ್ಷಣಗಳಾವುವೂ ಇಲ್ಲದಿದ್ದರೆ ಐದು ನಿಮಿಷ ಶಾಂತವಾಗಿ ಕುಳಿತುಕೊಂಡು ನಾಡಿಯನ್ನು ನೋಡಿಕೊಳ್ಳಿರಿ. ಎಡಗೈಯನ್ನು ಅಂಗಾತ ಇಟ್ಟು, ಹೆಬ್ಬೆರಳಿನ ಬುಡದ ಕೆಳಗೆ ಬಲಗೈಯ ಮೂರು ಬೆರಳುಗಳನ್ನು ಹಗುರವಾಗಿ ಒತ್ತಿರಿ. ಹೆಬ್ಬೆರಳಿನಿಂದ ನಾಡಿ ನೋಡಬಾರದು. ಪೂರ್ಣ ಒಂದು ನಿಮಿಷ ಎಣಿಸಿ, ಬಡಿತವು ಸಮನಾಗಿದೆಯೇ, ಆಗೊಮ್ಮೆ ಈಗೊಮ್ಮೆ ತಪ್ಪುತ್ತಿದೆಯೇ ಅಥವಾ ತಾಳವೇ ಇಲ್ಲದಂತಿದೆಯೇ ಎಂಬುದನ್ನು ಬರೆದಿಡಿರಿ.

4. ವಾಚಿನಲ್ಲಿ ಇಸಿಜಿ ಸೌಲಭ್ಯವಿದ್ದರೆ ಕೈಗಳನ್ನು ಮೇಜಿನ ಮೇಲೆ ಅಲುಗಾಡದಂತೆ ಇಟ್ಟು ಒಮ್ಮೆ ದಾಖಲಿಸಿರಿ. ಎಚ್ಚರಿಕೆಯ ಸಂದೇಶವನ್ನಾಗಲಿ ಆ ದಾಖಲೆಯನ್ನಾಗಲಿ ಅಳಿಸಬೇಡಿರಿ, ವೈದ್ಯರಿಗೆ ತೋರಿಸಬೇಕು.

5. ಎಚ್ಚರಿಕೆ ಬಂದ ದಿನ, ವೇಳೆ, ಆಗ ಮಾಡುತ್ತಿದ್ದ ಕೆಲಸ, ಹಿಂದಿನ ರಾತ್ರಿಯ ನಿದ್ರೆ, ಜ್ವರವಿತ್ತೇ, ಯಾವ ಯಾವ ಔಷಧಿ ನಡೆಯುತ್ತಿದೆ ಎಂಬುದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ. ಆಯುರ್ವೇದದ ಹಾಗೂ ಮನೆಮದ್ದಿನ ಔಷಧಿಗಳನ್ನೂ ಮುಚ್ಚಿಡದೆ ಬರೆಯಬೇಕು.

6. ಕೆಲವೇ ದಿನಗಳೊಳಗೆ ಇಸಿಜಿ ಮಾಡಿಸಿರಿ. ಇದಕ್ಕಾಗಿ ದೊಡ್ಡ ನಗರಕ್ಕೇ ಹೋಗಬೇಕೆಂದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯವಿರುತ್ತದೆ. ಹೆಚ್ಚಿನ ಪರೀಕ್ಷೆ ಬೇಕಾದವರಿಗೆ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳಿವೆ. ಇಸಿಜಿಯೊಡನೆ ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್, ಪೊಟ್ಯಾಸಿಯಂ, ಮೂತ್ರಪಿಂಡದ ಪರೀಕ್ಷೆ ಹಾಗೂ ಹೃದಯದ ಎಕೋ ಪರೀಕ್ಷೆಯನ್ನು ವೈದ್ಯರು ಸೂಚಿಸಬಹುದು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದರಿಂದಲೂ ತಾಳ ತಪ್ಪುವುದುಂಟು.

ಅಲ್ಲಿಯವರೆಗೆ ಐದೈದು ನಿಮಿಷಕ್ಕೊಮ್ಮೆ ವಾಚ್ ನೋಡುತ್ತ ಕುಳಿತುಕೊಳ್ಳುವುದು, ಪರಿಚಿತರ ಮಾತು ಕೇಳಿ ಆಸ್ಪಿರಿನ್ ನುಂಗುವುದು, ಮನೆಯಲ್ಲಿ ಇನ್ನೊಬ್ಬರಿಗೆ ಬರೆದುಕೊಟ್ಟ ಮಾತ್ರೆಯನ್ನು ತೆಗೆದುಕೊಳ್ಳುವುದು ಸಲ್ಲದು.

ರೋಗ ಖಚಿತವಾದರೆ

ಹೃತ್ಕರ್ಣದ ಕಂಪನ ಖಚಿತವಾದ ಮೇಲೆ ವೈದ್ಯರು ಮೊದಲು ನೋಡುವುದು ಲಕ್ವಾದ ಸಂಭವ ಎಷ್ಟೆಂಬುದನ್ನು. ಅದಕ್ಕೆ ಅಂಕಗಳ ಒಂದು ಲೆಕ್ಕವಿದೆ. ರಕ್ತದೊತ್ತಡ, ಮಧುಮೇಹ, ಹೃದಯದ ದೌರ್ಬಲ್ಯ, ರಕ್ತನಾಳಗಳ ರೋಗ ಇವುಗಳಿಗೆ ಒಂದೊಂದು ಅಂಕ. 65ರಿಂದ 74 ವಯಸ್ಸಿಗೆ ಒಂದು, 75 ದಾಟಿದರೆ ಎರಡು. ಹಿಂದೆ ಲಕ್ವಾ ಬಡಿದಿದ್ದರೆ ಎರಡು. ಅಂಕಗಳು ಹೆಚ್ಚಿದ್ದವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಬರೆಯುತ್ತಾರೆ. ಆಸ್ಪಿರಿನ್ ಇದಕ್ಕೆ ಬದಲಿಯಾಗಲಾರದು.

ಅಲ್ಪಕಾಲ ಬಂದು ಹೋಗುವ ಕಂಪನಕ್ಕೆಲ್ಲ ಈ ಮಾತ್ರೆ ಬೇಕೆಂದೇನೂ ಇಲ್ಲ. ಡೆನ್ಮಾರ್ಕಿನಲ್ಲಿ 70ರಿಂದ 90 ವಯಸ್ಸಿನ 6,004 ಜನರ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಕೆಲವರ ಚರ್ಮದ ಕೆಳಗೆ ಸಣ್ಣ ಯಂತ್ರವನ್ನಿಟ್ಟು ಸದಾ ಪರೀಕ್ಷಿಸಿದಾಗ ಇತರರಿಗಿಂತ ಅವರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಬಾರಿ ಕಂಪನ ಪತ್ತೆಯಾಯಿತು. ಆದರೆ ಲಕ್ವಾ ಅದಕ್ಕೆ ತಕ್ಕಷ್ಟು ಕಡಿಮೆಯಾದುದು ಸಿದ್ಧವಾಗಲಿಲ್ಲ. ಈ ಮಾತ್ರೆಗಳಿಂದ ರಕ್ತಸ್ರಾವದ ಸಂಭವವೂ ಇರುವುದರಿಂದ ಲಾಭ ಹಾನಿಗಳನ್ನು ತೂಗಿ ನೋಡುವ ಕೆಲಸವನ್ನು ವೈದ್ಯರಿಗೇ ಬಿಡಬೇಕು.

ಒಮ್ಮೆ ಆರಂಭಿಸಿದ ಮಾತ್ರೆಯನ್ನು ಎದೆಬಡಿತ ನಿಂತಿತೆಂದು ತಾವಾಗಿಯೇ ನಿಲ್ಲಿಸಬಾರದು. ಬಾಲ್ಯದಲ್ಲಿ ಸಂಧಿವಾತ ಜ್ವರ ಬಂದು ಹೃದಯದ ಕವಾಟ ಕಿರಿದಾದವರು ನಮ್ಮ ದೇಶದಲ್ಲಿ ಬಹಳ ಜನರಿದ್ದಾರೆ. ಅಂಥವರಿಗೆ ಸಾಮಾನ್ಯವಾಗಿ ವಾರ್ಫರಿನ್ ಎಂಬ ಮಾತ್ರೆಯನ್ನೇ ಕೊಡುತ್ತಾರೆ. ವಾರ್ಫರಿನ್ ತೆಗೆದುಕೊಳ್ಳುವವರು ರಕ್ತದ ಐಎನ್‌ಆರ್ ಪರೀಕ್ಷೆಯನ್ನು ನಿಯಮದಂತೆ ಮಾಡಿಸಿ, ಸಾಮಾನ್ಯವಾಗಿ 2ರಿಂದ 3ರೊಳಗೆ ಇರುವಂತೆ ನೋಡಿಕೊಳ್ಳಬೇಕು. ಸೊಪ್ಪಿನಲ್ಲಿರುವ ಕೆ ಜೀವಸತ್ವವು ಈ ಮಾತ್ರೆಯ ಶಕ್ತಿಯನ್ನು ಕುಗ್ಗಿಸುತ್ತದೆ. ಹಾಗೆಂದು ಪಾಲಕ, ರಾಜಗಿರಿ, ಮೆಂತೆ ಪಲ್ಯಗಳನ್ನು ಬಿಡಬೇಕಾಗಿಲ್ಲ. ಒಂದು ವಾರ ಹೇರಳವಾಗಿ ತಿಂದು ಮರುವಾರ ಮುಟ್ಟದಿರುವುದೇ ತೊಂದರೆಗೆ ಮೂಲ. ಪ್ರತಿವಾರವೂ ಸುಮಾರು ಒಂದೇ ಪ್ರಮಾಣದಲ್ಲಿ ತಿನ್ನಬೇಕು. ಹೊಸ ಬಗೆಯ ಮಾತ್ರೆಗಳಾದ ಎಪಿಕ್ಸಾಬಾನ್, ಡಾಬಿಗಾಟ್ರಾನ್ ಮೊದಲಾದವುಗಳಿಗೆ ಸೊಪ್ಪಿನ ಅಡ್ಡಿಯಿಲ್ಲ. ಆದರೆ ಒಂದು ಹೊತ್ತೂ ತಪ್ಪಿಸಬಾರದು.

ನಮ್ಮ ಔಷಧಿಗಳಲ್ಲಿಯೂ ಎಚ್ಚರವಿರಲಿ

ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆಂಬ ಭಾವನೆ ಬಲವಾಗಿ ಬೇರೂರಿದೆ. ಜ್ಯೇಷ್ಠಮಧುವನ್ನು ಬಹುಕಾಲ ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದರೆ ರಕ್ತದೊತ್ತಡ ಏರಿ, ಪೊಟ್ಯಾಸಿಯಂ ಇಳಿದು, ಹೃದಯದ ತಾಳ ಕೆಡಬಹುದು. ವತ್ಸನಾಭವು ಸರಿಯಾಗಿ ಶುದ್ಧಿಯಾಗದಿದ್ದರೆ ಹೃದಯಕ್ಕೆ ನೇರವಾದ ವಿಷ. ಅದು ಸೇರಿದ ಗುಳಿಗೆಗಳನ್ನು ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ತಂದು ನುಂಗಬಾರದು. ಅಶ್ವಗಂಧವು ಥೈರಾಯ್ಡ್ ಸ್ರಾವವನ್ನು ಹೆಚ್ಚಿಸಬಲ್ಲದು. ಅರಿಶಿನದ ಕ್ಯಾಪ್ಸೂಲ್, ಗುಗ್ಗುಲು, ಬೆಳ್ಳುಳ್ಳಿಯ ಸಾರದ ಗುಳಿಗೆಗಳು ಹೆಪ್ಪು ತಡೆಯುವ ಮಾತ್ರೆಯೊಡನೆ ಸೇರಿದರೆ ರಕ್ತಸ್ರಾವದ ಭಯ ಹೆಚ್ಚುತ್ತದೆ. ಅಡುಗೆಯಲ್ಲಿ ಬಳಸುವ ಅರಿಶಿನ ಬೆಳ್ಳುಳ್ಳಿಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಹೊಳೆಮತ್ತಿ, ಎಂದರೆ ಅರ್ಜುನ ವೃಕ್ಷದ ತೊಗಟೆಯನ್ನು ಹಾಲಿನಲ್ಲಿ ಕುದಿಸಿ ಹೃದ್ರೋಗದಲ್ಲಿ ಕೊಡುವುದು ಪರಂಪರಾಗತ ಕ್ರಮ. ನಾವೂ ಅದನ್ನು ಬಳಸುತ್ತೇವೆ. ಆದರೆ ಹೃತ್ಕರ್ಣದಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕೆಲಸಕ್ಕೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಕಷಾಯವನ್ನು ನಂಬಿ ಮಾತ್ರೆ ಬಿಟ್ಟವರು ಪ್ರಾಣವನ್ನೇ ಪಣಕ್ಕಿಟ್ಟಂತೆ.

ಆಹಾರ, ವಿಹಾರ, ಯೋಗ

ಆಯುರ್ವೇದದ ದಿನಚರ್ಯೆಗೆ ಇಲ್ಲಿ ನಿಜವಾದ ಸ್ಥಾನವಿದೆ. ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ಬೊಜ್ಜು ಕರಗಿಸುವುದು, ಮದ್ಯ ತಂಬಾಕುಗಳನ್ನು ಬಿಡುವುದು, ಸಕಾಲದಲ್ಲಿ ನಿದ್ರಿಸುವುದು ತಾಳವನ್ನು ಕಾಪಾಡುತ್ತವೆ. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಂತಂತಾಗುವವರು ಅದನ್ನೂ ವೈದ್ಯರಿಗೆ ಹೇಳಬೇಕು. ಅದಕ್ಕೂ ಈ ರೋಗಕ್ಕೂ ಸಂಬಂಧವಿದೆ. ಅಮೆರಿಕದ ಕ್ಯಾನ್ಸಸ್‌ನಲ್ಲಿ 49 ರೋಗಿಗಳು ಮೂರು ತಿಂಗಳು ಯೋಗಾಭ್ಯಾಸ ಮಾಡಿದಾಗ ತಾಳ ತಪ್ಪುವ ಪ್ರಸಂಗಗಳು ಕಡಿಮೆಯಾದುದನ್ನು 2013ರಲ್ಲಿ ವರದಿ ಮಾಡಿದ್ದಾರೆ. ಅದು ಸಣ್ಣ ಅಧ್ಯಯನವಾದರೂ ಉತ್ತೇಜನಕಾರಿ. ಯೋಗವು ಔಷಧಿಯ ಜೊತೆಗಿರಲಿ, ಔಷಧಿಯ ಬದಲಾಗಿ ಬೇಡ.

ಶ್ರಾವಣ ಸೋಮವಾರದ ಉಪವಾಸ, ಶಿವರಾತ್ರಿಯ ಜಾಗರಣೆಗಳನ್ನು ಆಚರಿಸುವ ಹಿರಿಯರಿಗೆ ಒಂದು ಮಾತು. ನೀರಿನಂಶ ಕಡಿಮೆಯಾಗುವುದೂ ನಿದ್ರೆಗೆಡುವುದೂ ತಾಳ ತಪ್ಪಲು ಕಾರಣವಾಗಬಹುದು. ಈ ರೋಗವುಳ್ಳವರು ವೈದ್ಯರನ್ನು ಕೇಳಿಯೇ ವ್ರತವನ್ನು ಕೈಗೊಳ್ಳಬೇಕು. ಉಪವಾಸದ ದಿನವೂ ಮಾತ್ರೆ ಬಿಡಬಾರದು.

ವಾಚ್ ಇಲ್ಲದವರಿಗೆ

ಇದನ್ನು ಓದಿ ಎಲ್ಲರೂ ವಾಚ್ ಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ವಾಚ್ ಸದಾಕಾಲ ತಾಳವನ್ನು ನೋಡುತ್ತಿರುವುದಿಲ್ಲ; ಎಚ್ಚರಿಕೆ ಬಾರದಿರುವುದು ಆರೋಗ್ಯದ ಪ್ರಮಾಣಪತ್ರವೂ ಅಲ್ಲ. 65 ದಾಟಿದವರು ರಕ್ತದೊತ್ತಡ ನೋಡಿಸಿಕೊಳ್ಳುವಾಗಲೆಲ್ಲ ನಾಡಿಯ ತಾಳವನ್ನೂ ನೋಡಿಸಿಕೊಂಡರೆ ಇದೇ ಉದ್ದೇಶ ಬಹುಮಟ್ಟಿಗೆ ನೆರವೇರುತ್ತದೆ. ಬೆಳಗಿನ ಇಷ್ಟಲಿಂಗ ಪೂಜೆ ಮುಗಿದ ಬಳಿಕ ದೇಹ ಮನಸ್ಸುಗಳು ಶಾಂತವಾಗಿರುತ್ತವೆ. ವಾರಕ್ಕೊಮ್ಮೆ ಆ ಹೊತ್ತಿನಲ್ಲಿ ಕುಳಿತಲ್ಲಿಯೇ ಒಂದು ನಿಮಿಷ ನಾಡಿಯನ್ನು ಎಣಿಸುವ ಅಭ್ಯಾಸವನ್ನು ಮಾಡಿಕೊಳ್ಳಬಹುದು. ಪೇಸ್‌ಮೇಕರ್ ಅಳವಡಿಸಿಕೊಂಡವರು ವಾಚ್, ಮೊಬೈಲುಗಳನ್ನು ಎದೆಯಿಂದ ಆರು ಅಂಗುಲವಾದರೂ ದೂರವಿಡಬೇಕು.

ದೂರದೂರಿನಲ್ಲಿರುವ ಮಕ್ಕಳಿಗೂ ಒಂದು ವಿನಂತಿ. ವಾಚ್ ಕೊಡಿಸುವುದರೊಡನೆ, ಎಚ್ಚರಿಕೆ ಬಂದರೆ ಯಾವ ವೈದ್ಯರ ಬಳಿಗೆ ಹೋಗಬೇಕು, ಯಾರು ಜೊತೆಗೆ ಹೋಗಬೇಕು ಎಂಬುದನ್ನೂ ತಂದೆತಾಯಿಗಳೊಡನೆ ಮೊದಲೇ ಮಾತನಾಡಿಟ್ಟುಕೊಳ್ಳಿರಿ. ಆ ವೈದ್ಯರ ದೂರವಾಣಿ ಸಂಖ್ಯೆಯನ್ನೂ 108ನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಿರಿ. ಈಗಾಗಲೇ ಎಚ್ಚರಿಕೆ ಬಂದೂ ಸುಮ್ಮನಿರುವವರು ಈ ವಾರವೇ ಇಸಿಜಿ ಮಾಡಿಸಿಕೊಳ್ಳಬೇಕೆಂದು ಕೋರುತ್ತೇವೆ. ಸಕಲರಿಗೂ ಆಯುರಾರೋಗ್ಯ ಲಭಿಸಲಿ. ಶರಣು.